ಊಟಿ ರೈಲಿನ ಹಳೇ ಇಂಜಿನ್ ನಂಬಬಹುದಾ? ಬಾಯ್ಲರ್ ಭಯ, ಎಣ್ಣೆ ಉಗಿ, ಡೀಸೆಲ್ ವಾದ

ಓದುಗರೊಬ್ಬರ ಪ್ರಶ್ನೆ: "ಸರ್, ನವೆಂಬರ್‌ನಲ್ಲಿ ಅಪ್ಪ (72 ವರ್ಷ), ಗಂಡ, ಇಬ್ಬರು ಮಕ್ಕಳ ಜೊತೆ ಮೆಟ್ಟುಪಾಳ್ಯಂನಿಂದ ಊಟಿಗೆ ಉಗಿ ರೈಲಲ್ಲಿ ಹೋಗೋದು ಅಂತ ಟಿಕೆಟ್ ಮಾಡಿಸಿದೀವಿ. ಆಫೀಸಲ್ಲಿ ಒಬ್ಬರು ಹೆದರಿಸಿಬಿಟ್ರು. ಅದು ನೂರು ವರ್ಷದ ಇಂಜಿನ್ ಅಂತೆ, ಬಾಯ್ಲರ್ ಅಂದ್ರೆ ಬಾಂಬ್ ಇದ್ದ ಹಾಗೆ ಅಂತೆ, ಇಂಜಿನ್ ಹಿಂದೆ ಇರುತ್ತೆ, ಹಳಿ ಮಧ್ಯೆ ಇರೋ ಹಲ್ಲಿನ ಪಟ್ಟಿಯ ಹಲ್ಲು ಮುರಿದ್ರೆ ಇಡೀ ರೈಲು ವಾಪಸ್ ಕೆಳಗೆ ಜಾರುತ್ತೆ ಅಂತೆ. ಅಪ್ಪನದ್ದು ಬೇರೆ ತಕರಾರು, ಈಗ ಕಲ್ಲಿದ್ದಲೇ ಹಾಕಲ್ಲ, ಎಣ್ಣೆ ಉರಿಸ್ತಾರೆ, ಅದೆಂಥಾ ಉಗಿಬಂಡಿ, ಬರೀ ವೇಷ ಅಂತಾರೆ. ಗಂಡ ಕೇಳೋದು, ಕೂನೂರಿಂದ ಮೇಲೆ ಡೀಸೆಲ್ ಇಂಜಿನ್ನೇ ಎಳೆಯುತ್ತಲ್ಲ, ಕೆಳಗಿನಿಂದಲೇ ಅದನ್ನ ಯಾಕೆ ಹಾಕಬಾರದು, ನಾವು ಕಾರಲ್ಲಿ ಕೂನೂರಿಗೆ ಹೋಗಿ ಅಲ್ಲಿಂದ ಹತ್ತಿದ್ರೆ ಸಾಕಲ್ವಾ ಅಂತ. ಏನು ಮಾಡೋದು ಹೇಳಿ."

ಮೇಡಂ, ಪ್ರಶ್ನೆ ನಾಲ್ಕು ಕೇಳಿದೀರಿ ಆದ್ರೆ ಒಳಗಿರೋ ಹೆದರಿಕೆ ಒಂದೇ, ಹಳೇದು ಅಂದ್ರೆ ಅಪಾಯ ಅಲ್ವಾ ಅನ್ನೋದು. ಮೊದಲೇ ಹೇಳಿಬಿಡ್ತೀನಿ, ಉಗಿ ಇಂಜಿನ್ ವಿಷಯದಲ್ಲಿ ವಯಸ್ಸು ನೋಡಿ ಹೆದರೋದು ತಪ್ಪು ಜಾಗದಲ್ಲಿ ಹೆದರಿದ ಹಾಗೆ. ನೋಡಬೇಕಾದ್ದು ಬಾಯ್ಲರ್ ಒಳಗೆ ನೀರು ಎಷ್ಟಿದೆ, ಅದನ್ನ ನೋಡೋ ಮನುಷ್ಯ ಯಾರು, ಅಷ್ಟೇ. ನಾನು ಮೀಟರ್‌ಗೇಜ್ ಉಗಿ ಇಂಜಿನ್ ಕಾಲದಲ್ಲಿ ಲೋಕೋ ಶೆಡ್‌ಗೆ ಅಪ್ರೆಂಟಿಸ್ ಆಗಿ ಸೇರಿದವನು, ಬಾಯ್ಲರ್ ಸೆಕ್ಷನ್ನಲ್ಲೇ ಹೆಚ್ಚು ವರ್ಷ ಕಳೆದೆ, ಉಗಿ ನಿಂತ ಮೇಲೆ ಹಳೇ ಇಂಜಿನ್‌ಗಳಿಗೆ ಮತ್ತೆ ಜೀವ ಕೊಡೋ ಕೆಲಸಗಳಿಗೂ ಕರೀತಿದ್ರು. ಊಟಿ ಲೈನಲ್ಲಿ ಕೆಲಸ ಮಾಡಿಲ್ಲ. ಪ್ರಯಾಣಿಕನಾಗಿ ಮಾತ್ರ ಹತ್ತಾರು ಸಲ ಹೋಗಿದೀನಿ, ಊಟಿ ನೋಡಿದ್ದಕ್ಕಿಂತ ಹೆಚ್ಚು ಇಂಜಿನ್ ನೋಡಿದ್ದೇ ಆಯ್ತು ಅಂತ ಮನೆಯವಳು ಈಗಲೂ ಹೇಳ್ತಾಳೆ.

ನೂರು ವರ್ಷದ ಮಾತು ಅರ್ಧ ನಿಜ. ಈ ಲೈನಿನ ಇಂಜಿನ್‌ಗಳಿಗೆ ಎಕ್ಸ್ ಕ್ಲಾಸ್ ಅಂತ ಹೆಸರು. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಅನ್ನೋ ಊರಲ್ಲಿ ಎಸ್ಎಲ್ಎಂ ಕಾರ್ಖಾನೆ 1914ರಿಂದ 1925ರ ತನಕ ಒಂದಷ್ಟು ಮಾಡಿಕೊಡ್ತು, 1952ರಲ್ಲಿ ಇನ್ನೊಂದಷ್ಟು. ಆಮೇಲೆ ಅದೇ ನಮೂನೆಯನ್ನ ಇಟ್ಟುಕೊಂಡು ತಿರುಚ್ಚಿಯ ಗೋಲ್ಡನ್ ರಾಕ್ ವರ್ಕ್‌ಶಾಪಲ್ಲಿ ನಮ್ಮವರೇ ಹೊಸ ಇಂಜಿನ್ ಕಟ್ಟಿದಾರೆ, 2011ರಿಂದ ಈಚೆಗೆ. ಅಂದ್ರೆ ನಿಮ್ಮ ಗಾಡಿಗೆ ಹಾಕೋ ಇಂಜಿನ್ ನಿಮ್ಮ ದೊಡ್ಡ ಮಗುವಿನ ವಯಸ್ಸಿನದೇ ಇದ್ರೂ ಇರಬಹುದು, ನೋಡೋಕೆ ಮಾತ್ರ ಮುತ್ತಜ್ಜ.

ಇನ್ನು ನಿಜವಾದ ಹಳೇ ಇಂಜಿನ್ನೇ ಬಂತು ಅಂತ ಇಟ್ಕೊಳ್ಳಿ. ಹಳೇ ತೊಟ್ಟಿಮನೆ ನೋಡಿರ್ತೀರಲ್ಲ, ಹೆಂಚು ಎಷ್ಟೋ ಸಲ ಬದಲಾಗಿರುತ್ತೆ, ಗೆದ್ದಲು ಹಿಡಿದ ಜಂತೆ ತೆಗೆದು ಬೇರೆ ಕೂರಿಸಿರ್ತಾರೆ, ನೆಲಕ್ಕೆ ರೆಡ್‌ಆಕ್ಸೈಡ್ ಬಂದಿರುತ್ತೆ, ಆದ್ರೂ ಅದು ಮುತ್ತಜ್ಜ ಕಟ್ಟಿಸಿದ ಮನೆನೇ. ಇಂಜಿನ್ನೂ ಹಾಗೇ. ಟ್ಯೂಬ್‌ಗಳು ಸವೆದ ಹಾಗೆ ಬದಲಾಗ್ತವೆ, ಬಾಯ್ಲರ್ ತಗಡುಗಳನ್ನ ಹಿಡಿದಿಡೋ ಸ್ಟೇ ಅನ್ನೋ ಸರಳುಗಳು ಬದಲಾಗ್ತವೆ, ಚಕ್ರದ ಟೈರು, ಬೇರಿಂಗು, ಪಿಸ್ಟನ್ ರಿಂಗು ಎಲ್ಲ ಬದಲಾಗ್ತವೆ, ಕೊನೆಗೆ ಬಾಯ್ಲರ್ರೇ ಬದಲಾಗುತ್ತೆ. ಹೋದ ವರ್ಷ ರಿಪೇರಿ ಆದ ಹಳೇ ಬಾಯ್ಲರ್ ಇಪ್ಪತ್ತು ವರ್ಷ ಯಾರೂ ಬಿಚ್ಚಿ ನೋಡದ ಬಾಯ್ಲರ್‌ಗಿಂತ ಸಾವಿರ ಪಾಲು ವಾಸಿ. ಬೇರೆ ದೇಶಗಳೂ ಲೆಕ್ಕ ಹಾಕೋದು ಹೀಗೇ. ಬ್ರಿಟನ್ನಿನ ಹೆರಿಟೇಜ್ ಲೈನ್‌ಗಳಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನ ಇಂಜಿನ್ನಿಂದ ಎತ್ತಿ ಪೂರ್ತಿ ಬಿಚ್ಚಬೇಕು, ಅಮೆರಿಕದಲ್ಲಿ ಬೆಂಕಿ ಹಾಕಿದ ದಿನಗಳನ್ನ ಎಣಿಸ್ತಾರೆ, 1,472 ದಿನ ಓಡಿದ ಮೇಲೆ ಇಲ್ಲಾ 15 ವರ್ಷ ಆದ ಮೇಲೆ, ಯಾವುದು ಮೊದಲು ಬರುತ್ತೋ ಆಗ ಬಿಚ್ಚಲೇಬೇಕು. ಯಾವ ವರ್ಷ ತಯಾರಾಯ್ತು ಅನ್ನೋದು ಆ ಲೆಕ್ಕದಲ್ಲಿ ಬರೋದೇ ಇಲ್ಲ.

ಈಗ ಬಾಂಬ್ ವಿಷಯಕ್ಕೆ ಬರೋಣ. ಸುಮ್ನೆ ಸಮಾಧಾನ ಮಾಡೋಕೆ ಅದೆಲ್ಲ ಸುಳ್ಳು ಅಂತ ಹೇಳಲ್ಲ ನಾನು. ಬಾಯ್ಲರ್ ಒಳಗಿನ ನೀರು ಕುದಿಯೋದು 100 ಡಿಗ್ರಿಯಲ್ಲಲ್ಲ, ಶೆಡ್ ಭಾಷೆಯಲ್ಲಿ 14 ಕೆಜಿ ಪ್ರೆಶರ್ (ಚದರ ಸೆಂಟಿಮೀಟರಿಗೆ) ಅಂತ ಇಟ್ಕೊಂಡ್ರೆ ಸುಮಾರು 200 ಡಿಗ್ರಿ ಹತ್ತಿರ, ಪ್ರೆಶರ್ ಇರೋದ್ರಿಂದ ನೀರಾಗೇ ಉಳಿದಿರುತ್ತೆ. ಎಲ್ಲಾದ್ರೂ ತಗಡು ಹರಿದು ಆ ಪ್ರೆಶರ್ ಒಮ್ಮೆಲೇ ಬಿಟ್ಟುಹೋದ್ರೆ ನೀರಿನ ಒಂದು ಭಾಗ ಆ ಕ್ಷಣಕ್ಕೇ ಆವಿ ಆಗುತ್ತೆ, ಒಂದು ಲೀಟರ್ ನೀರು ಬರೀ ಆವಿ ಆದ್ರೆ ಸಾವಿರದ ಆರುನೂರು ಲೀಟರ್‌ಗಿಂತ ಹೆಚ್ಚು ಜಾಗ ಬೇಕು ಅದಕ್ಕೆ. ಹತ್ತೊಂಬತ್ತನೇ ಶತಮಾನದಲ್ಲಿ ಬಾಯ್ಲರ್ ಸಿಡಿದು ಜನ ಸತ್ತಿದ್ದು ಹೀಗೇ. ನಿಮ್ಮ ಆಫೀಸಿನವರು ಕಥೆ ಕಟ್ಟಿಲ್ಲ, ಆದ್ರೆ ಯಾಕೆ ಆಗುತ್ತೆ ಅನ್ನೋದು ಅವರಿಗೆ ಗೊತ್ತಿಲ್ಲ.

ಅಡುಗೆಮನೆಗೆ ಬನ್ನಿ. ಕುಕ್ಕರಲ್ಲಿ ನೀರಿರೋ ತನಕ ತಳ ಸೀಯಲ್ಲ, ಕೆಳಗೆ ಉರಿ ಎಷ್ಟೇ ಇರಲಿ. ನೀರು ಹಾಕೋದು ಮರೆತ್ರೆ? ತಳ ಸೀದು, ಕೊನೆಗೆ ಮುಚ್ಚಳದಲ್ಲಿರೋ ಸಣ್ಣ ಸೇಫ್ಟಿ ವಾಲ್ವ್ ಕರಗಿ ಬುಸ್ ಅಂತ ಆವಿ ಬಿಡುತ್ತೆ, ಅಂಗಡಿಯಿಂದ ಹೊಸ ವಾಲ್ವ್ ತಂದು ಹಾಕ್ತೀರಿ. ಇಂಜಿನಲ್ಲಿ ಬೆಂಕಿ ಇರೋ ಪೆಟ್ಟಿಗೆಗೆ ಫೈರ್‌ಬಾಕ್ಸ್ ಅಂತೀವಿ, ಅದರ ಚಾವಣಿ ತಗಡೇ ಆ ಕುಕ್ಕರ್ ತಳ. ಕೆಳಗೆ ಸಾವಿರ ಡಿಗ್ರಿ ದಾಟಿದ ಉರಿ, ಮೇಲೆ ನಾಲ್ಕು ಬೆರಳು ನೀರು. ನೀರಿರೋ ತನಕ ಆ ತಗಡು ತಣ್ಣಗೆ, ತಣ್ಣಗೆ ಅಂದ್ರೆ ಇನ್ನೂರು ಚಿಲ್ಲರೆ ಡಿಗ್ರಿ, ಉಕ್ಕಿಗೆ ಅದು ಲೆಕ್ಕಕ್ಕೇ ಇಲ್ಲ. ನೀರು ಇಳಿದು ತಗಡು ಬರಿದಾಯ್ತೋ, ಕೆಲವೇ ನಿಮಿಷದಲ್ಲಿ ಕೆಂಪಗಾಗಿ ಮೆತ್ತಗಾಗಿ ಕೆಳಗೆ ಜೋತುಬೀಳುತ್ತೆ, ಮೇಲಿನ ಪ್ರೆಶರ್ ಅದನ್ನ ಹರಿದುಹಾಕುತ್ತೆ. ಅದಕ್ಕೇ ಆ ಚಾವಣಿಯಲ್ಲಿ ಸೀಸ ತುಂಬಿದ ಲೆಡ್ ಪ್ಲಗ್ ಇರುತ್ತೆ, ಸೀಸ 327 ಡಿಗ್ರಿಗೆ ಕರಗುತ್ತೆ, ತಗಡು ಮೆತ್ತಗಾಗೋದಕ್ಕೆ ಮುಂಚೆನೇ ಪ್ಲಗ್ ಬಿದ್ದು ಆವಿ ಬೆಂಕಿ ಮೇಲೆ ನುಗ್ಗಿ ಡ್ರೈವರ್‌ಗೆ ಕಿವಿ ಹಿಂಡಿ ಹೇಳುತ್ತೆ. ಕುಕ್ಕರ್ ವಾಲ್ವಿನ ಅಣ್ಣ ಅಂದ್ಕೊಳ್ಳಿ.

ನಮ್ಮ ಶೆಡ್ಡಲ್ಲಿ ಲೆಡ್ ಪ್ಲಗ್ ಬೀಳಿಸಿದ ಅಂದ್ರೆ ಅದು ಆ ಡ್ರೈವರ್, ಬೆಂಕಿ ನೋಡ್ಕೊಳ್ಳೋ ಫೈರ್‌ಮ್ಯಾನ್ ಇಬ್ಬರಿಗೂ ಮರ್ಯಾದೆ ಹೋದ ಹಾಗೆ, ಚಾರ್ಜ್‌ಶೀಟ್ ಆಮೇಲೆ ಬರ್ತಿತ್ತು, ಮೊದಲು ಸಿಬ್ಬಂದಿ ತಂಗೋ ರನ್ನಿಂಗ್ ರೂಮಲ್ಲಿ ಊಟಕ್ಕೆ ಕೂತ್ರೆ ಪಕ್ಕದವನು ಲೋಟ ಮುಂದೆ ತಳ್ಳಿ "ನೀರು ನೋಡ್ಕೊಂಡಿದೀಯೇನಪ್ಪಾ" ಅಂತ ಕೇಳೋನು. ವರ್ಷಗಟ್ಟಲೆ ಕೇಳೋರು.

ಗುಡ್ಡದ ಲೈನಲ್ಲಿ ಈ ನೀರಿನ ಆಟ ಇನ್ನೂ ಸೂಕ್ಷ್ಮ, ಇದು ಸ್ವಲ್ಪ ವಿವರ ಆಗುತ್ತೆ ಆದ್ರೆ ಇಡೀ ವಿಷಯದ ತಿರುಳೇ ಇದು. ಮೆಟ್ಟುಪಾಳ್ಯಂ ಬಿಟ್ಟ ಮೇಲೆ ಗುಡ್ಡದ ಬುಡದಲ್ಲಿ ಸಿಗೋ ಕಲ್ಲಾರ್‌ನಿಂದ ಕೂನೂರಿಗೆ ಏರು ಕೆಲವು ಕಡೆ 12.5ಕ್ಕೆ 1, ಅಂದ್ರೆ ಹನ್ನೆರಡೂವರೆ ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಮೇಲೆ. ಬಾಯ್ಲರ್ 3 ಮೀಟರ್ ಉದ್ದ ಅಂತ ಇಟ್ಕೊಂಡ್ರೂ ಆ ಏರಲ್ಲಿ ಒಂದು ತುದಿಗೂ ಇನ್ನೊಂದು ತುದಿಗೂ ನೀರಿನ ಮಟ್ಟದಲ್ಲಿ 24 ಸೆಂಟಿಮೀಟರ್ ವ್ಯತ್ಯಾಸ ಬರುತ್ತೆ, ಒಂದು ಗೇಣು. ತಟ್ಟೆಯಲ್ಲಿ ಸಾರು ಹಾಕ್ಕೊಂಡು ವಾಲಿಸಿದ ಹಾಗೆ. ಅದಕ್ಕೇ ಇಂಜಿನ್ ಚಿಮಣಿ ಯಾವಾಗಲೂ ಗುಡ್ಡದ ಮೇಲ್ಮುಖಕ್ಕೆ, ಫೈರ್‌ಬಾಕ್ಸ್ ಕೆಳಮುಖಕ್ಕೆ ಇರುತ್ತೆ, ಹತ್ತುವಾಗಲೂ ಇಳಿಯುವಾಗಲೂ. ನೀರೆಲ್ಲ ಫೈರ್‌ಬಾಕ್ಸ್ ಕಡೆ ಸೇರಿ ಚಾವಣಿ ತಗಡು ಚೆನ್ನಾಗಿ ಮುಳುಗಿರುತ್ತೆ. ಹಾಗಾದ್ರೆ ಅಪಾಯ ಎಲ್ಲಿ? ನೆಟ್ಟಗಿನ ಏರಲ್ಲಿ ಅಲ್ಲ, ಏರು ಮುಗಿದು ಸಮತಟ್ಟು ಬರೋ ಜಾಗದಲ್ಲಿ. ಏರಲ್ಲಿ, ನೀರಿನ ಮಟ್ಟ ತೋರಿಸೋ ಗೇಜ್ ಗ್ಲಾಸಲ್ಲಿ ನೀರು ಧಾರಾಳ ಕಾಣುತ್ತೆ, ಸ್ಟೇಷನ್ ಸಮತಟ್ಟಿಗೆ ಬಂದ ತಕ್ಷಣ ಅದು ಮುಂದಕ್ಕೆ ಓಡಿ ಗ್ಲಾಸಲ್ಲಿ ಮಟ್ಟ ಕುಸಿಯುತ್ತೆ. ಹೊಸಬ ಗ್ಲಾಸ್ ನೋಡಿ ನಿಶ್ಚಿಂತೆಯಾಗಿರ್ತಾನೆ, ಪಳಗಿದವನು ಮುಂದಿನ ಸ್ಟೇಷನ್ ಬರೋ ಮುಂಚೆನೇ ಇಂಜೆಕ್ಟರ್ ಹಾಕಿ ನೀರು ಏರಿಸ್ಕೊಂಡಿರ್ತಾನೆ. ಗ್ಲಾಸ್ ಎರಡಿರುತ್ತೆ, ಒಂದು ಕಟ್ಟಿಕೊಂಡ್ರೆ ಇನ್ನೊಂದು ನಿಜ ಹೇಳಲಿ ಅಂತ. ಹಿಲ್‌ಗ್ರೋವ್, ರನ್ನಿಮೀಡ್ ಅಂತ ದಾರಿಯಲ್ಲಿ ಗಾಡಿ ನಿಂತು ಇಂಜಿನ್ ನೀರು ಕುಡಿಯೋದನ್ನ ನೋಡ್ತೀರಿ, ತುಂಬಾ ಜನ "ಅಯ್ಯೋ ಕೆಟ್ಟು ನಿಂತಿದೆ" ಅಂತ ಗೊಣಗ್ತಾರೆ, ಕೆಟ್ಟಿರಲ್ಲ, ಬಾಯಾರಿರುತ್ತೆ.

ಒಂದು ನಿಜವಾದ ಘಟನೆ ಹೇಳ್ತೀನಿ, ಇದು ಊಟಿಯದಲ್ಲ. 1995ರ ಜೂನ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ಪ್ರವಾಸಿ ರೈಲಲ್ಲಿ ಇದೇ ಆಯ್ತು, ನೀರು ಇಳಿದು ಫೈರ್‌ಬಾಕ್ಸ್ ಚಾವಣಿ ಹರಿದು ಇಂಜಿನ್ ಕ್ಯಾಬಲ್ಲಿದ್ದ ಮೂವರಿಗೆ ಸುಟ್ಟ ಗಾಯ, ಪ್ರಯಾಣಿಕರಿಗೆ ಏನೂ ಆಗಲಿಲ್ಲ. ತನಿಖೆಯಲ್ಲಿ ಸಿಕ್ಕಿದ್ದು ಏನು, ಸರಿಯಾಗಿ ನೋಡ್ಕೊಳ್ಳದ ಬಾಯ್ಲರ್, ಸರಿಯಾದ ತರಬೇತಿ ಇಲ್ಲದ ಸಿಬ್ಬಂದಿ. ಆ ಚಾವಣಿಯನ್ನ ಹಿಡಿದುಕೊಂಡಿದ್ದ ಸ್ಟೇಗಳನ್ನ ಹಳೇ ಕಾಲದವರು ಎಲ್ಲಾ ಒಟ್ಟಿಗೆ ಬಿಡದ ಹಾಗೆ, ಸಾಲು ಸಾಲಾಗಿ ಬಿಡೋ ಹಾಗೆ ಮಾಡಿದ್ರು, ಅದರಿಂದಲೇ ಬಾಯ್ಲರ್ ಪೂರ್ತಿ ಸಿಡಿಯಲಿಲ್ಲ. ನೋಡಿ, ಹಳೇ ವಿನ್ಯಾಸ ಜನರನ್ನ ಉಳಿಸ್ತು, ಹೊಸ ಕಾಲದ ಅಜಾಗ್ರತೆ ಸುಟ್ಟಿತು. ಅದಾದ ಮೇಲೆನೇ ಅಮೆರಿಕದವರು ನಿಯಮ ಪೂರ್ತಿ ತಿದ್ದಿ 2000ದಲ್ಲಿ ಆ 1,472 ದಿನದ ಲೆಕ್ಕ ತಂದಿದ್ದು.

ಬಾಯ್ಲರ್ ಹೇಗೆ ಪರೀಕ್ಷೆ ಮಾಡ್ತಾರೆ ಅಂತ ನೀವು ಕೇಳಿಲ್ಲ, ಆದ್ರೂ ಹೇಳದೆ ಇರೋಕಾಗಲ್ಲ. ಫೈರ್‌ಬಾಕ್ಸ್ ಒಳಗಿನ ತಗಡಿಗೂ ಹೊರಗಿನ ತಗಡಿಗೂ ನೂರಾರು ಸ್ಟೇಗಳು ಹಿಡಿಕಟ್ಟು ಹಾಕಿರ್ತವೆ, ಬೆರಳು ದಪ್ಪದ ಸರಳುಗಳು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ತಣ್ಣಗಾದ ಫೈರ್‌ಬಾಕ್ಸ್ ಒಳಗೆ ತೂರಿಕೊಂಡು, ನಾನು ಹೊರಗೆ ಲಾಂದ್ರ ಹಿಡ್ಕೊಂಡು, ಅವರು ಸಣ್ಣ ಸುತ್ತಿಗೆಯಲ್ಲಿ ಒಂದೊಂದೇ ಸ್ಟೇ ತಟ್ತಾ ಹೋಗೋರು. ಟಣ್, ಟಣ್, ಟಣ್... ಟಪ್. ಆ ಟಪ್ ಬಂದ ಕಡೆ ಸೀಮೆಸುಣ್ಣದ ಗುರುತು. ಮುರಿದ ಸ್ಟೇ ದನಿ ಸತ್ತಿರುತ್ತೆ. ಜೊತೆಗೆ ಪ್ರತಿ ಸ್ಟೇ ತುದಿಯಲ್ಲಿ ಪಿನ್ನು ಹೋಗೋ ಅಷ್ಟು ತೂತು ಕೊರೆದಿರ್ತಾರೆ, ಒಳಗೆ ಬಿರುಕು ಬಿಟ್ರೆ ಆ ತೂತಿಂದ ನೀರು ಜಿನುಗಿ ಚಾಡಿ ಹೇಳುತ್ತೆ. ಆ ಮೇಲೆ ತಣ್ಣೀರು ತುಂಬಿ ಓಡಿಸೋ ಪ್ರೆಶರ್‌ಗಿಂತ ಹೆಚ್ಚು ಪ್ರೆಶರ್ ಕೊಟ್ಟು ನೋಡ್ತಾರೆ, ತಣ್ಣೀರು ಯಾಕಂದ್ರೆ ಬಿಟ್ರೂ ಒದ್ದೆ ಆಗ್ತೀವಿ ಅಷ್ಟೇ, ಸಾಯಲ್ಲ. ಇಷ್ಟಾದ ಮೇಲೆನೇ ಬೆಂಕಿ.

ಇಂಜಿನ್ ಹಿಂದೆ ಯಾಕೆ? ಇದು ನಿಮ್ಮ ಆಫೀಸಿನವರು ಪೂರ್ತಿ ಉಲ್ಟಾ ಅರ್ಥ ಮಾಡ್ಕೊಂಡಿರೋ ವಿಷಯ. ಇಂಜಿನ್ ಮುಂದೆ ಎಳೀತಾ ಇದ್ರೆ, ಬೋಗಿ ನಡುವಿನ ಕೊಂಡಿ ಬಿಟ್ಟುಹೋದ್ರೆ ಹಿಂದಿನ ಬೋಗಿಗಳು ಕೆಳಗೆ ಓಡ್ತವೆ. ಕೆಳಗಿಂದ ತಳ್ಳಿದ್ರೆ ಬೋಗಿಗಳು ಇಂಜಿನ್ ಎದೆಗೆ ಒರಗಿಕೊಂಡಿರ್ತವೆ, ಕೊಂಡಿ ಬಿಟ್ರೂ ಹೋಗೋಕೆ ಜಾಗ ಇಲ್ಲ. ಮಗುಗೆ ಏಣಿ ಹತ್ತಿಸುವಾಗ ನೀವು ಮೇಲೆ ನಿಂತು ಕೈ ಎಳೀತೀರಾ ಇಲ್ಲಾ ಕೆಳಗೆ ನಿಂತು ಹಿಡ್ಕೋತೀರಾ?

ಹಲ್ಲು ಮುರಿಯೋ ವಿಷಯ. ಕಲ್ಲಾರ್‌ನಿಂದ ಕೂನೂರು ತನಕ ಸುಮಾರು 19 ಕಿಲೋಮೀಟರ್ ಎರಡು ಹಳಿ ಮಧ್ಯೆ ಹಲ್ಲಿನ ಪಟ್ಟಿ ಹಾಸಿದಾರೆ, ಅಬ್ಟ್ ಪದ್ಧತಿ ಅಂತ ಹೆಸರು. ಒಂದಲ್ಲ, ಪಕ್ಕಪಕ್ಕದಲ್ಲಿ ಎರಡು ಪಟ್ಟಿ, ಒಂದರ ಹಲ್ಲು ಇರೋ ಕಡೆ ಇನ್ನೊಂದರ ಸಂದು ಬರೋ ಹಾಗೆ ಜೋಡಿಸಿರ್ತಾರೆ, ಹಾಗಾಗಿ ಇಂಜಿನ್ನಿನ ಹಲ್ಲುಚಕ್ರ ಒಂದು ಹಲ್ಲು ಬಿಡೋಕೆ ಮುಂಚೆನೇ ಪಕ್ಕದ್ದನ್ನ ಹಿಡಿದಿರುತ್ತೆ. ಒಂದು ಹಲ್ಲು ಮುರಿದ ಮಾತ್ರಕ್ಕೆ ಕೈ ಬಿಡಲ್ಲ. ಇದರ ಮೇಲೆ ಪ್ರತಿ ಬೋಗಿಯ ಬಾಲ್ಕನಿಯಲ್ಲೂ ಒಬ್ಬ ಬ್ರೇಕ್ಸ್‌ಮ್ಯಾನ್ ನಿಂತಿರ್ತಾರೆ, ಇಂಜಿನ್ ಸೀಟಿ ಮೇಲೆ ಬ್ರೇಕ್ ಹಾಕೋದು ಬಿಡೋದು, ಬಾವುಟ ತೋರಿಸೋದು ಅವರ ಕೆಲಸ. ಮುಂದಿನ ಬೋಗಿಯ ಬ್ರೇಕ್ಸ್‌ಮ್ಯಾನ್ ಅಂತೂ ಹಿಂದಿರೋ ಡ್ರೈವರ್‌ಗೆ ಕಣ್ಣು, ದಾರಿಯಲ್ಲಿ ಕಲ್ಲು ಬಿದ್ದಿದ್ಯಾ, ಆನೆ ನಿಂತಿದ್ಯಾ ಅಂತ ಮೊದಲು ಕಾಣೋದು ಅವರಿಗೇ. ಇಳಿಯುವಾಗ ಇಂಥ ರ್‍ಯಾಕ್ ಇಂಜಿನ್‌ಗಳಲ್ಲಿ ಉಗಿ ಪಿಸ್ಟನ್ ತಳ್ಳೋ ಸಿಲಿಂಡರನ್ನೇ ಗಾಳಿ ಪಂಪ್ ಮಾಡಿಸಿ ಅದರ ಎದುರೊತ್ತಡದಲ್ಲಿ ತಡೆಯೋ ಪದ್ಧತಿನೂ ಇದೆ, ಬ್ರೇಕ್ ಕಟ್ಟೆ ಕಾದು ಸುಟ್ಟುಹೋಗಬಾರದು ಅಂತ.

ಹಲ್ಲು ಬಿಟ್ಟ ಘಟನೆ ಪ್ರಪಂಚದಲ್ಲಿ ಆಗೇ ಇಲ್ವಾ ಅಂದ್ರೆ, ಆಗಿದೆ. ವೇಲ್ಸ್‌ನ ಸ್ನೋಡನ್ ಪರ್ವತ ರೈಲು, ಅದೂ ಅಬ್ಟ್ ಹಲ್ಲುಪಟ್ಟಿಯದೇ, ಇಂಜಿನ್ನೂ ವಿಂಟರ್‌ಥೂರ್ ಕಾರ್ಖಾನೆಯದೇ, 1896ರ ಏಪ್ರಿಲ್ 6ರಂದು ಶುರು ಆದ ದಿನವೇ ಇಳಿಯುವಾಗ ಇಂಜಿನ್ ಹಲ್ಲು ತಪ್ಪಿಸ್ಕೊಂಡು ಓಡಿ ಕೊರಕಲಿಗೆ ಬಿತ್ತು. ಬೋಗಿಗಳು ತಮ್ಮದೇ ಬ್ರೇಕ್ ಮೇಲೆ ನಿಂತವು. ಸತ್ತಿದ್ದು ಒಬ್ಬ ಪ್ರಯಾಣಿಕ, ಅವನು ಹೆದರಿ ಹೊರಗೆ ಹಾರಿದವನು. ಆಮೇಲೆ ಅಲ್ಲಿ ಹಲ್ಲು ಮೇಲೆದ್ದು ತಪ್ಪದ ಹಾಗೆ ಪಕ್ಕದಿಂದ ಹಿಡಿಯೋ ಪಟ್ಟಿ ಹಾಕಿದ್ರು. ಮಕ್ಕಳಿಗೆ ಇಷ್ಟು ಹೇಳಿಕೊಡಿ ಸಾಕು, ಏನೇ ಸದ್ದಾದ್ರೂ ಕೂತ ಜಾಗದಲ್ಲಿ ಕೂತಿರಬೇಕು.

ಅಪ್ಪನವರ ತಕರಾರಿಗೆ ಬರ್ತೀನಿ. ಅವರ ಮಾತಲ್ಲಿ ಪ್ರೀತಿ ಇದೆ ಹಾಗಾಗಿ ಜಗಳ ಆಡಲ್ಲ, ಆದ್ರೆ ಉಗಿಬಂಡಿ ಅಂದ್ರೆ ಉಗಿಯಿಂದ ಓಡೋದು, ಕೆಳಗೆ ಏನು ಉರೀತಿದೆ ಅನ್ನೋದು ಒಲೆ ವಿಷಯ. ಸೌದೆ ಒಲೆ ಬಿಟ್ಟು ಗ್ಯಾಸಲ್ಲಿ ಮಾಡಿದ್ರೆ ಮುದ್ದೆ ಮುದ್ದೆ ಅಲ್ವಾ? (ರುಚಿ ಬೇರೆ ಅಂತ ಅವರು ಹೇಳಬಹುದು, ಅದನ್ನೂ ಒಪ್ತೀನಿ.) ಎಣ್ಣೆಗೆ ಹೋಗೋಕೆ ಕಾರಣ ಇದೆ. ನಮ್ಮ ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ, ಕಡಿದಾದ ಏರಲ್ಲಿ ಪ್ರೆಶರ್ ಹಿಡಿದಿಡೋಕೆ ಫೈರ್‌ಮ್ಯಾನ್ ಜೀವ ಹಿಂಡಿ ಹೋಗುತ್ತೆ, ಮೇಲಿಂದ ಹಾರೋ ಕಿಡಿ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಹಚ್ಚೋ ಭಯ. ಎಣ್ಣೆ ಆದ್ರೆ ಉಗಿಯಿಂದಲೇ ಸಿಂಪಡಿಸಿ ಉರಿಸ್ತಾರೆ, ಉರಿ ಬೇಕಾದ ಹಾಗೆ ಹೆಚ್ಚು ಕಮ್ಮಿ ಮಾಡಬಹುದು. ತೊಂದರೆನೂ ಇದೆ, ಉರಿ ಒಮ್ಮೆಲೇ ಏರಿಸಿ ಇಳಿಸಿದ್ರೆ ತಗಡು ಹಿಗ್ಗಿ ಕುಗ್ಗಿ ಟ್ಯೂಬ್ ತುದಿಗಳು ಸೋರೋಕೆ ಶುರು ಆಗ್ತವೆ, ಮಸಿ ಕಟ್ಟಿದ್ರೆ ಶಾಖ ನೀರಿಗೆ ಹೋಗಲ್ಲ. ಇದು ಮೋಸ ಅನ್ನೋದಾದ್ರೆ ಆ ಮೋಸ ಈ ಇಂಜಿನ್ ಮಾಡಿಕೊಟ್ಟವರೇ ಮಾಡಿದಾರೆ, ಅದೇ ವಿಂಟರ್‌ಥೂರ್ ಕಾರ್ಖಾನೆ 1992ರಲ್ಲಿ ಸ್ವಿಟ್ಜರ್ಲೆಂಡಿನ ಬ್ರಿಯೆಂಜ್ ರೋಟ್‌ಹಾರ್ನ್ ಗುಡ್ಡದ ರೈಲಿಗೆ ಹೊಚ್ಚ ಹೊಸ ಉಗಿ ಇಂಜಿನ್ ಕಟ್ಟಿತು, ಹಗುರ ಎಣ್ಣೆ ಉರಿಸೋದು, ಒಬ್ಬನೇ ಓಡಿಸಬಹುದಾದ್ದು. ಅಪ್ಪನಿಗೆ ಇನ್ನೊಂದು ಸಿಹಿಸುದ್ದಿ, ಈಚೆಗೆ ಗೋಲ್ಡನ್ ರಾಕ್‌ನವರು ಕಲ್ಲಿದ್ದಲು ಉರಿಸೋ ಹೊಸ ಇಂಜಿನ್ನೂ ಕಟ್ಟಿದಾರೆ. ಅದೃಷ್ಟ ಇದ್ರೆ ಅದೇ ಸಿಗಬಹುದು, ಆಗ ಕಣ್ಣಿಗೆ ಕಿಡಿ ಬಿತ್ತು ಅಂತ ನನ್ನ ಬೈಯಬಾರದು.

ಅವರಿಗೆ ನಿಜವಾಗಲೂ ಏನಾದ್ರೂ ತೋರಿಸಬೇಕು ಅಂದ್ರೆ ಒಲೆ ಬಿಟ್ಟು ಇಂಜಿನ್ ಪಕ್ಕದ ಸಿಲಿಂಡರ್ ತೋರಿಸಿ. ಈ ಇಂಜಿನ್ನಿಗೆ ಎರಡು ಜೊತೆ ಸಿಲಿಂಡರ್, ಒಂದರ ಮೇಲೆ ಒಂದು. ಕೆಳಗಿನ ಜೊತೆ ಮಾಮೂಲಿ ಚಕ್ರ ತಿರುಗಿಸುತ್ತೆ, ಮೇಲಿನ ಜೊತೆ ಹಲ್ಲುಚಕ್ರಕ್ಕೆ. ಮೆಟ್ಟುಪಾಳ್ಯಂನಿಂದ ಕಲ್ಲಾರ್ ತನಕ ಕೆಳಗಿನದಷ್ಟೇ ಕೆಲಸ ಮಾಡುತ್ತೆ, ಹಲ್ಲಿನ ಪಟ್ಟಿ ಶುರು ಆದಾಗ ಡ್ರೈವರ್ ವಾಲ್ವ್ ತಿರುಗಿಸ್ತಾನೆ, ಕೆಳಗಿನ ಸಿಲಿಂಡರಲ್ಲಿ ಒಂದು ಸಲ ದುಡಿದ ಉಗಿ ಚಿಮಣಿಗೆ ಹೋಗೋ ಬದಲು ಮೇಲಿನ ಸಿಲಿಂಡರ್‌ಗೆ ಹೋಗಿ ಎರಡನೇ ಸಲ ದುಡಿಯುತ್ತೆ. ಪಕ್ಕದಿಂದ ನೋಡಿದ್ರೆ ಕೆಳಗಿನ ರಾಡು ನಿಧಾನ, ಮೇಲಿನ ರಾಡು ಗೇರ್ ಇರೋದ್ರಿಂದ ಬೇಗಬೇಗ, ಎರಡು ತಾಳ ಒಟ್ಟಿಗೆ. ನಲವತ್ತು ವರ್ಷದಿಂದ ಇಂಜಿನ್ ನೋಡ್ತಿದೀನಿ, ಇದನ್ನ ನೋಡುವಾಗ ಈಗಲೂ ಕಾಫಿ ತಣ್ಣಗಾಗುತ್ತೆ ಕೈಯಲ್ಲಿ.

ಇನ್ನು ಯಜಮಾನರ ಡೀಸೆಲ್ ವಾದ. ಕೂನೂರಿಂದ ಊಟಿಗೆ ಏರು ಹೆಚ್ಚಂದ್ರೆ 25ಕ್ಕೆ 1, ಅದನ್ನ ಬರೀ ಚಕ್ರ ಹಳಿ ಹಿಡಿತದಲ್ಲೇ ಹತ್ತಬಹುದು, ಅದಕ್ಕೇ ಅಲ್ಲಿ ಡೀಸೆಲ್. ಕೆಳಗಿನ ಭಾಗದಲ್ಲಿ ಲೆಕ್ಕ ಹಾಕಿ ನೋಡಿ. 50 ಟನ್ ಇಂಜಿನ್, 50 ಟನ್ ಬೋಗಿ ಅಂತ ಇಟ್ಕೊಳ್ಳಿ, ಒಟ್ಟು 100. 12.5ಕ್ಕೆ 1 ಏರಲ್ಲಿ ಭೂಮಿ ಹಿಂದಕ್ಕೆ ಎಳೆಯೋದು 8 ಟನ್. ಒಣಗಿದ ಹಳಿ ಮೇಲೆ ಚಕ್ರಕ್ಕೆ ತನ್ನ ತೂಕದ ಕಾಲು ಭಾಗ ಹಿಡಿತ ಸಿಗುತ್ತೆ, ಹನ್ನೆರಡೂವರೆ ಟನ್, ಪರವಾಗಿಲ್ಲ. ಮಂಜು ಬಿದ್ದು ಎಲೆ ಅರೆದು ಹಳಿ ಜಾರೋ ಹಾಗಾದ್ರೆ ಹತ್ತನೇ ಒಂದು ಭಾಗ, 5 ಟನ್. 8 ಟನ್ ಎದುರಿಗೆ 5 ಟನ್. ಇಂಜಿನ್ ನಿಂತಲ್ಲೇ ಚಕ್ರ ತಿರುಗಿಸ್ತಾ ಹಿಂದಕ್ಕೆ ಜಾರುತ್ತೆ, ಇಳಿಯುವಾಗ ಬ್ರೇಕಿಗೂ ಇದೇ ಕಥೆ. ಹಾಗಾಗಿ ಅಲ್ಲಿ ಹಲ್ಲು ಬೇಕೇ ಬೇಕು, ಕೂನೂರಿನ ಡೀಸೆಲ್ಲಿಗೆ ಹಲ್ಲಿಲ್ಲ. ಹಲ್ಲಿರೋ ಡೀಸೆಲ್ ಮಾಡಿಸೋಕೆ ಆಗಲ್ಲ ಅಂತಲ್ಲ, ಈ ಒಂದು ಲೈನಿಗೆ ಅಂತಲೇ ಹೊಸದಾಗಿ ವಿನ್ಯಾಸ ಮಾಡಿಸಬೇಕು. ಜೊತೆಗೆ 2005ರಲ್ಲಿ ಯುನೆಸ್ಕೋ ಈ ಲೈನನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ, ಡಾರ್ಜಿಲಿಂಗ್ ರೈಲಿನ ಜೊತೆಗೆ. ಜನ ಬರೋದೂ ಆ ಉಗಿ ನೋಡೋಕೇ.

ಹಾಗಾದ್ರೆ ಹೆದರಬೇಕಾದ್ದು ಏನೂ ಇಲ್ವಾ? ಇದೆ, ನೀವು ಪಟ್ಟಿ ಮಾಡಿದ್ರಲ್ಲಿ ಇಲ್ಲ ಅಷ್ಟೇ. ಒಂದು, ಗುಡ್ಡ. ನೀವು ಹೋಗ್ತಿರೋದು ನವೆಂಬರ್, ಹಿಂಗಾರು ಮಳೆ ಕಾಲ, ಕೂನೂರಿನ ಪೂರ್ವ ಇಳಿಜಾರಿಗೆ ಜೋರು ಮಳೆ ಬೀಳೋದೇ ಆಗ. ಮಣ್ಣು ಕುಸಿದು, ಬಂಡೆ ಉರುಳಿ, ಮರ ಬಿದ್ದು ಲೈನ್ ಮುಚ್ಚೋದು ಆ ತಿಂಗಳುಗಳಲ್ಲಿ ಮಾಮೂಲು, ಎಷ್ಟೋ ಸಲ ದಿನಗಟ್ಟಲೆ ಗಾಡಿ ರದ್ದು ಮಾಡ್ತಾರೆ. ರದ್ದು ಮಾಡಿದ್ರೆ ಬೈಕೊಂಡ್ರೂ ಒಳ್ಳೇದೇ ಆಯ್ತು ಅಂದ್ಕೊಳ್ಳಿ. ಎರಡು, ಪ್ರಯಾಣಿಕರೇ. ಸೆಲ್ಫಿಗೆ ಕೈ ತಲೆ ಹೊರಗೆ ಹಾಕೋದು, 16 ಸುರಂಗ ಇದೆ ಈ ಲೈನಲ್ಲಿ, ಗೋಡೆ ಎಷ್ಟು ಹತ್ತಿರ ಬರುತ್ತೆ ಅಂತ ಅಂದಾಜೇ ಇರಲ್ಲ. ನೀರಿಗೆ ನಿಂತಾಗ ಎಲ್ಲರೂ ಹಳಿಗೆ ಇಳಿದು ಇಂಜಿನ್ ಪಕ್ಕ ನಿಲ್ತಾರೆ, ಆಗ ಡ್ರೈವರ್ ಸಿಲಿಂಡರ್ ಕೆಳಗಿನ ಕಾಕ್ ತೆಗೆದ ಅಂದ್ರೆ ಬಿಸಿನೀರು ಆವಿ ಮೊಣಕಾಲ ಮಟ್ಟಕ್ಕೆ ಅಡ್ಡಡ್ಡ ನುಗ್ಗುತ್ತೆ, ಮಕ್ಕಳ ಮುಖ ಅಷ್ಟೇ ಎತ್ತರದಲ್ಲಿರುತ್ತೆ. ಹತ್ತು ಹೆಜ್ಜೆ ದೂರ ನಿಲ್ಲಿಸಿ. ಮೂರನೇದು ದೂರದ ಚಿಂತೆ, ನಿಮ್ಮದಲ್ಲ ನನ್ನದು, ಸುತ್ತಿಗೆ ತಟ್ಟಿ ಟಪ್ ಅನ್ನೋದನ್ನ ಕೇಳೋ ಕಿವಿಗಳು ಕಮ್ಮಿ ಆಗ್ತಿವೆ. ಹೊಸ ಇಂಜಿನ್ ಕಟ್ಟೋದು ಸರಿನೇ, ಆದ್ರೆ ಅದಕ್ಕಿಂತ ಮುಂಚೆ ಹತ್ತು ಹುಡುಗರನ್ನ ಹಳಬರ ಪಕ್ಕ ಐದು ವರ್ಷ ಕೂರಿಸಬೇಕು ಅನ್ನೋನು ನಾನು.

ಈಗ ನಿಮ್ಮ ಮುಂದಿರೋ ದಾರಿಗಳು. ಕೆಳಗಿನಿಂದ ಮೇಲಕ್ಕೆ ಪೂರ್ತಿ ಹೋದ್ರೆ 46 ಕಿಲೋಮೀಟರ್, ಹೆಚ್ಚುಕಮ್ಮಿ ಐದು ಗಂಟೆ, ಬೆಳಿಗ್ಗೆ ಏಳರ ಸುಮಾರಿಗೆ ಹೊರಡುತ್ತೆ. ಬೋಗಿಯಲ್ಲಿ ಶೌಚಾಲಯ ಇರಲ್ಲ, ಗಾಡಿ ನಿಂತ ಸ್ಟೇಷನ್ನಲ್ಲೇ ಹೋಗಿಬರಬೇಕು, ಅಪ್ಪನಿಗೆ ಶುಗರ್ ಮಾತ್ರೆ ಬಿಪಿ ಮಾತ್ರೆ ಇದ್ರೆ ಇದು ನಿಜವಾದ ಪ್ರಶ್ನೆ, ಬಾಯ್ಲರ್ ಅಲ್ಲ. 326 ಮೀಟರ್ ಎತ್ತರದಿಂದ 2,203 ಮೀಟರ್‌ಗೆ ಹೋಗ್ತೀರಿ, ಆರೋಗ್ಯ ನೆಟ್ಟಗಿದ್ದವರಿಗೆ ಏನೂ ಅಲ್ಲ, ಉಬ್ಬಸ ಅಥವಾ ಹೃದಯದ ತೊಂದರೆ ಇದ್ರೆ ಡಾಕ್ಟರನ್ನ ಒಂದು ಮಾತು ಕೇಳಿಬಿಡಿ, ಸ್ವೆಟರ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ.

ವಾಪಸ್ ಬರುವಾಗ ಉಗಿ ರೈಲು ಹತ್ತೋದು ಇನ್ನೊಂದು ದಾರಿ, ಮೂರೂವರೆ ಗಂಟೆಯಲ್ಲಿ ಮುಗಿಯುತ್ತೆ, ಅಪ್ಪನ ಸೊಂಟಕ್ಕೆ ಇದು ವಾಸಿ. ಆದ್ರೆ ಇಳಿಯುವಾಗ ಇಂಜಿನ್ ಎಳೆಯಲ್ಲ, ತಡೆಯುತ್ತೆ, ಆ ಛುಕ್ ಛುಕ್ ಸದ್ದಿಗೋಸ್ಕರ ಹೋಗೋರಿಗೆ ಅರ್ಧ ಸಿನಿಮಾ ನೋಡಿದ ಹಾಗೆ. ಯಜಮಾನರು ಹೇಳಿದ ಹಾಗೆ ಕೂನೂರಿಂದ ಊಟಿಗೆ ಮಾತ್ರ ಹೋದ್ರೆ ದಾರಿ ಚಂದ, ಸಮಯ ಉಳಿಯುತ್ತೆ, ಮಳೆಗೆ ಕೆಳಗಿನ ಭಾಗ ಮುಚ್ಚಿದ್ರೂ ಮೇಲಿನದು ಎಷ್ಟೋ ಸಲ ಓಡ್ತಿರುತ್ತೆ, ಆದ್ರೆ ಹಲ್ಲಿಲ್ಲ, ಉಗಿಯಿಲ್ಲ, ಹಳೇ ಇಂಜಿನ್ ನೋಡೋಕೆ ಅಂತ ಹೊರಟವರಿಗೆ ಅದು ಬೇರೆಯೇ ಪ್ರಯಾಣ.

ನನ್ನನ್ನ ಕೇಳಿದ್ರೆ ಟಿಕೆಟ್ ಹಾಗೇ ಇಟ್ಕೊಳ್ಳಿ, ಹತ್ತಿಕೊಂಡೇ ಹೋಗಿ, ವಾಪಸ್ ಕಾರಲ್ಲಿ ಬನ್ನಿ. ಹಿಂದಿನ ದಿನ ಸಂಜೆ ಗಾಡಿ ಇದೆಯಾ ಅಂತ ವಿಚಾರಿಸಿ, ರದ್ದಾದ್ರೆ ಕಾರಲ್ಲೇ ಕೂನೂರಿಗೆ ಹೋಗಿ ಅಲ್ಲಿಂದ ಡೀಸೆಲ್ ಗಾಡಿಗೆ ಪ್ರಯತ್ನ ಮಾಡಿ, ಹೀಗೆ ಯಜಮಾನರ ಪ್ಲಾನನ್ನ ಸ್ಟೆಪ್ನಿ ಟೈರ್ ತರ ಇಟ್ಕೊಂಡಿರಿ. ಇಂಜಿನ್ ಹಿಂದೆ ಇರೋದ್ರಿಂದ ಮುಂದಿನ ಬೋಗಿಗೆ ಹೊಗೆ ಕಮ್ಮಿ, ಅಪ್ಪನಿಗೆ ಹೊಗೆ ಆಗಲ್ಲ ಅಂದ್ರೆ ಮುಂದೆ, ಸದ್ದು ಬೇಕು ಅಂದ್ರೆ ಹಿಂದೆ. ಕಲ್ಲಾರ್ ಹತ್ತಿರ ಬಂದಾಗ ಮಕ್ಕಳಿಗೆ ಮಾತು ನಿಲ್ಲಿಸಿ ಕೇಳೋಕೆ ಹೇಳಿ, ಗಾಡಿ ತೆವಳೋ ಹಾಗೆ ನಿಧಾನ ಆಗುತ್ತೆ, ಕೆಳಗಿಂದ ಕಟ ಕಟ ಅಂತ ಹಲ್ಲು ಕೂರೋ ಸದ್ದು ಬರುತ್ತೆ, ಆಮೇಲೆ ಇಂಜಿನ್ ಉಸಿರಾಟದ ತಾಳ ಬದಲಾಗುತ್ತೆ. ಕೂನೂರಲ್ಲಿ ಉಗಿ ಇಂಜಿನ್ ಬಿಚ್ಚಿಕೊಂಡು ಶೆಡ್ ಕಡೆ ಹೋಗೋ ಮುಂಚೆ ಸ್ವಲ್ಪ ಹೊತ್ತು ಸಿಗುತ್ತೆ, ಅಪ್ಪನನ್ನ ಪ್ಲಾಟ್‌ಫಾರ್ಮ್ ತುದಿಗೆ ಕರ್ಕೊಂಡು ಹೋಗಿ, ಕ್ಯಾಬ್ ಒಳಗೆ ಎರಡು ಗಾಜಿನ ಕೊಳವೆ ಕಾಣುತ್ತಾ ನೋಡೋಕೆ ಹೇಳಿ, ಒಳಗೆ ನೀರು ಸಣ್ಣಗೆ ಮೇಲೆ ಕೆಳಗೆ ಆಡ್ತಾ ಇರುತ್ತೆ. ಫೈರ್‌ಮ್ಯಾನ್ ಬಿಡುವಾಗಿದ್ರೆ ಕೈ ಮಾಡಿ ತೋರಿಸ್ತಾರೆ, ಇಂಜೆಕ್ಟರ್ ಮೇಲೆ ಕೈ ಇಟ್ಕೊಂಡಿದ್ರೆ ಮಾತಾಡಿಸಬೇಡಿ.